ಕುಟುಂಸರ ಗುಹೆಯಲ್ಲಿ ಕೈಕಟ್ಟಿ ನಡೆದೆವು

ಸುರಂಗದ ನೀರು ಕುಡಿದು ಬೆಳೆದ ಕಾಸರಗೋಡಿನವರಾದ ನಮಗೆ ನೆಲದೊಳಗಿನ ಕತ್ತಲೆ ಹೊಸತೇನಲ್ಲ. ಆದರೆ ನಮ್ಮ ಸುರಂಗಗಳು ಹಿರಿಯರು ಪಿಕ್ಕಾಸು ಹಿಡಿದು ಮುರಕಲ್ಲಿನಲ್ಲಿ ಕೊರೆದವು. ನೀರೇ ಕೊರೆದ ಗುಹೆಯೊಂದನ್ನು ಕಾಣಬೇಕೆಂಬ ಆಸೆಯಿಂದ ನಾವು ನಾಲ್ವರು ಅಧ್ಯಾಪಕರು ಕ್ರಿಸ್‌ಮಸ್ ರಜೆಯಲ್ಲಿ ಛತ್ತೀಸಗಢದ ಬಸ್ತರಿಗೆ ಹೋಗಿ ಬಂದೆವು.

ಅಲ್ಲಿನ ಕಾಂಗೇರ್ ಕಣಿವೆಯ ಕಾಡು 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತಾರ 200 ಚದರ ಕಿಲೋಮೀಟರು. 2025ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಜಗದಲ್‌ಪುರದಿಂದ ಸುಮಾರು 40 ಕಿಲೋಮೀಟರು ದೂರದಲ್ಲಿ, ಈ ಕಾಡಿನೊಳಗೆ ಕುಟುಂಸರ ಗುಹೆಯಿದೆ. ಊರವರಿಗೆ ಪರಿಚಿತವಾಗಿದ್ದ ಇದನ್ನು 1950ರ ದಶಕದಲ್ಲಿ ಭೂಗೋಳದ ಪ್ರಾಧ್ಯಾಪಕ ಡಾ. ಶಂಕರ ತಿವಾರಿಯವರು ಪರಿಶೋಧಿಸಿ ಹೊರಜಗತ್ತಿಗೆ ತಿಳಿಸಿದರು.

ಮಾರ್ಗದರ್ಶಿಯ ದೀಪದ ಹಿಂದೆ, ಇಕ್ಕಟ್ಟಾದ ಬಾಯಿಯಿಂದ ಮೈ ಕುಗ್ಗಿಸಿಕೊಂಡು ಇಳಿದೆವು. ಒಳಗೆ ಸೆಕೆ, ಕಾಲಡಿ ಜಾರು. ಚಾವಣಿಯಿಂದ ಸುಣ್ಣದ ತೊಂಗಲುಗಳು ಇಳಿಬಿದ್ದಿವೆ; ನೆಲದಿಂದ ಕಂಬಗಳು ಅವುಗಳತ್ತ ಏರುತ್ತಿವೆ. ನಮ್ಮ ಹಿರಿಯ ಮಿತ್ರರೊಬ್ಬರು ಬೆರಗಿನಿಂದ ಕೈಚಾಚಿದರು. "ಗುರೂಜಿ, ಮುಟ್ಟಬೇಡಿ" ಎಂದ ಮಾರ್ಗದರ್ಶಿ ಯುವಕ.

ಅವನ ಮಾತು ಸರಿಯೇ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿ ಸ್ವಲ್ಪ ಹುಳಿಯಾಗುತ್ತದೆ. ಸುಣ್ಣದ ಕಲ್ಲನ್ನು ಕರಗಿಸುತ್ತ ಇಳಿಯುತ್ತದೆ. ಗುಹೆಯೊಳಗೆ ಹನಿಯುವಾಗ ಆ ಅನಿಲ ಹೊರಬಿದ್ದು, ಸುಣ್ಣ ಉಳಿಯುತ್ತದೆ. ಒಂದು ಅಂಗುಲ ಬೆಳೆಯಲು ನೂರಾರು ವರ್ಷ ಬೇಕಾಗಬಹುದು. ನಮ್ಮ ಕೈಯ ಜಿಡ್ಡು ಅಂಟಿದ ಕಡೆ ಸುಣ್ಣ ಸರಿಯಾಗಿ ಕೂರುವುದಿಲ್ಲ, ಬಣ್ಣವೂ ಕೆಡುತ್ತದೆ.

ಒಂದು ಹೊಂಡದಲ್ಲಿ ಕಿರುಬೆರಳಿನಷ್ಟು ಮೀನುಗಳಿದ್ದವು. ಹೊರಗಿನ ತೊರೆಗಳಲ್ಲಿ ಇದೇ ಜಾತಿಯ ಮೀನುಗಳಿಗೆ ಕಣ್ಣೂ ಇದೆ, ಬಣ್ಣವೂ ಇದೆ. ಇಲ್ಲಿಯವುಗಳಲ್ಲಿ ಎಷ್ಟೋ ಮೀನುಗಳ ಕಣ್ಣು ಕುಗ್ಗಿ ಮೈ ಬಿಳಚಿಕೊಂಡಿದೆ. ಮಳೆಗಾಲದ ಪ್ರವಾಹ ಹೊತ್ತು ತರುವ ಕಸಕಡ್ಡಿ, ಬಾವಲಿಗಳ ಹಿಕ್ಕೆ, ಇವೇ ಈ ಗುಹೆಯ ಜೀವಿಗಳ ಅನ್ನದ ಮೂಲ. ಆ ತಿಂಗಳುಗಳಲ್ಲಿ ಗುಹೆ ನಮಗೆ ಮುಚ್ಚಿರುತ್ತದೆ.

ಹೊರಬಂದಾಗ ನಮ್ಮಲ್ಲಿ ಚರ್ಚೆ ನಡೆಯಿತು. ಮಂಡಿನೋವಿನ ಮಿತ್ರರಿಗೆ, ಒಳಗೆಲ್ಲ ಪ್ರಖರ ದೀಪ ಹಾಕಿ, ದಾರಿ ಅಗಲಿಸಿದರೆ ಮುದುಕರೂ ಮಕ್ಕಳೂ ನೋಡಬಹುದಲ್ಲ ಎಂಬ ಆಲೋಚನೆ. ಅವರ ನೋವನ್ನು ಕಂಡ ನಮಗೆ ಅದು ತಪ್ಪೆನ್ನಲು ಮನಸ್ಸಾಗಲಿಲ್ಲ. ಆದರೆ ಸದಾ ಬೆಳಕಿದ್ದರೆ ಕಲ್ಲಿನ ಮೇಲೆ ಪಾಚಿ ಹತ್ತುತ್ತದೆ, ಬಾವಲಿಗಳು ಜಾಗ ಬಿಡುತ್ತವೆ. ಅವು ಹೋದರೆ ಹಿಕ್ಕೆಯನ್ನು ನಂಬಿದ ಜೀವಿಗಳ ಗತಿಯೇನು? ಎಲ್ಲರಿಗೂ ತೋರಿಸಹೊರಟರೆ ತೋರಿಸಲು ಏನೂ ಉಳಿಯದು. ಮಿತ್ರರು ಕೊನೆಗೆ, "ಅರ್ಧ ನೋಡಿದ್ದೇ ಸಾಕು" ಎಂದರು.

ತರಗತಿಯಲ್ಲಿ ಮಕ್ಕಳಿಗೆ ದಿನವೂ "ಕೈಕಟ್ಟಿ ಕುಳಿತುಕೊಳ್ಳಿ" ಎನ್ನುವವರು ನಾವು. ಅಂದು ಉಳಿದ ದಾರಿಯನ್ನು ನಾವೇ ಕೈಕಟ್ಟಿ ನಡೆದೆವು. ಹೋಗಬಯಸುವ ಓದುಗರು ಮಳೆ ಮುಗಿದ ಮೇಲೆ, ಗುಹೆ ತೆರೆದಿರುವುದನ್ನು ವಿಚಾರಿಸಿಕೊಂಡೇ ಹೊರಡಲಿ.