ಅಗಲಿದ ನಾಯಿಯೂ ಮನೆಗೆ ಬರುವ ಮರಿಯೂ

ನಮ್ಮ ಶಾಲೆಯ ಬಾಲಿಕೆಯರಲ್ಲಿ ಹೆಚ್ಚಿನವರು ರಿಪ್ಪನ್‌ಪೇಟೆಯ ಸುತ್ತಣ ತೋಟದ ಮನೆಗಳಿಂದಲೂ ಗದ್ದೆಬಯಲಿನ ಹಳ್ಳಿಗಳಿಂದಲೂ ಬರುವವರು. ಇಂತಹ ಮನೆಗಳಲ್ಲಿ ನಾಯಿಯಿಲ್ಲದ ಅಂಗಳವು ಅಪರೂಪ. ಅಡಕೆ ತೋಟಕ್ಕೆ ನುಗ್ಗುವ ಮಂಗಗಳನ್ನು ಓಡಿಸುವುದು, ರಾತ್ರಿ ಗದ್ದೆಗೆ ಹಂದಿ ಇಳಿದುದನ್ನು ಕೂಗಿ ತಿಳಿಸುವುದು, ಕೊಟ್ಟಿಗೆಯನ್ನು ಕಾಯುವುದು, ಮಕ್ಕಳನ್ನು ಬಸ್ಸಿನ ದಾರಿಯವರೆಗೆ ಕಳುಹಿಸಿ ಹಿಂದಿರುಗುವುದು, ಇವೆಲ್ಲ ಅದರ ಉದ್ಯೋಗಗಳು. ಅಂತಹ ನಾಯಿ ಸತ್ತಾಗ ತಾಯಿತಂದೆಗಳು ನಮ್ಮಲ್ಲಿ ಎರಡು ಪ್ರಶ್ನೆಗಳನ್ನು ಕೇಳುವುದುಂಟು. ಒಂದು ನಾಯಿಗಾಗಿ ಮಗಳು ಇಷ್ಟು ಅಳುವುದು ತರವೇ? ಅಳುವನ್ನು ನಿಲ್ಲಿಸುವುದಕ್ಕಾಗಿ ನಾಳೆಯೇ ಇನ್ನೊಂದು ಮರಿಯನ್ನು ತಂದುಕೊಡಬಹುದೇ? ಈ ಎರಡು ಪ್ರಶ್ನೆಗಳಿಗೂ ಉತ್ತರವನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಲೆಕ್ಕವನ್ನು ಗಮನಿಸೋಣ. ಸಾಮಾನ್ಯವಾಗಿ ನಾಯಿಯ ಆಯುಸ್ಸು ಹತ್ತರಿಂದ ಹದಿಮೂರು ವರ್ಷ. ಮಗು ಮೂರು ನಾಲ್ಕು ವಯಸ್ಸಿನದಾಗಿದ್ದಾಗ ಮನೆಗೆ ಬಂದ ಮರಿಯು, ಆ ಮಗು ಪ್ರೌಢಶಾಲೆಯಲ್ಲಿ ಓದುತ್ತಿರುವಾಗಲೇ ಮುಪ್ಪಿನಿಂದ ಸಾಯುತ್ತದೆ. ಮುಪ್ಪಿನವರೆಗೆ ಬದುಕದ ನಾಯಿಗಳೂ ನಮ್ಮ ಸೀಮೆಯಲ್ಲಿ ಬಹಳ. ಕೆಲವನ್ನು ಚಿರತೆ ಹೊತ್ತೊಯ್ಯುವುದು. ಕೆಲವು ಹಂದಿಗೆಂದು ಒಡ್ಡಿದ ಉರುಲಿಗೆ ಬೀಳುವುವು. ಕೆಲವು ಹಾವು ಕಚ್ಚಿಯೋ ವಾಹನಕ್ಕೆ ಸಿಕ್ಕಿಯೋ ಸಾಯುವುವು. ಹೀಗೆ ಅನೇಕ ಬಾಲಿಕೆಯರು ತಮ್ಮ ಬಾಳಿನಲ್ಲಿ ಹತ್ತಿರದಿಂದ ಕಾಣುವ ಮೊದಲನೆಯ ಮರಣವು ನಾಯಿಯದೇ ಆಗಿರುತ್ತದೆ. ಮರಣವನ್ನು ಹೇಗೆ ಎದುರಿಸಬೇಕೆಂಬ ಮೊದಲ ಪಾಠವನ್ನು ಅವರು ಕಲಿಯುವುದು ಶಾಲೆಯಲ್ಲಲ್ಲ, ಮನೆಯ ಅಂಗಳದಲ್ಲಿ, ಕಲಿಸುವವರು ತಾಯಿತಂದೆಗಳು. ಆದಕಾರಣ ಈ ವಿಷಯವನ್ನು ಅಲ್ಪವೆಂದು ತಳ್ಳಿಬಿಡತಕ್ಕದ್ದಲ್ಲ.

ನಾಯಿಗಾಗಿ ದುಃಖಪಡುವುದು ಇಂದಿನ ಕಾಲದ ಕೋಮಲತೆಯೆಂದು ಕೆಲವರು ಹೇಳುತ್ತಾರೆ. ಚರಿತ್ರೆಯು ಹಾಗೆ ಹೇಳುವುದಿಲ್ಲ. ಜರ್ಮನಿಯ ಬಾನ್ ಪಟ್ಟಣದ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಒಂದು ಪ್ರಾಚೀನ ಸಮಾಧಿಯು ಸಿಕ್ಕಿತು. ಸುಮಾರು 14,000 ವರ್ಷಗಳ ಹಿಂದಿನ ಆ ಸಮಾಧಿಯಲ್ಲಿ ಒಬ್ಬ ಪುರುಷನ ಮತ್ತು ಒಬ್ಬ ಸ್ತ್ರೀಯ ಜತೆಯಲ್ಲಿ ನಾಯಿಮರಿಯ ಎಲುಬುಗಳೂ ಇದ್ದವು. ಅದರ ಹಲ್ಲುಗಳನ್ನು ಪರೀಕ್ಷಿಸಿದ ವಿದ್ವಾಂಸರು, ಸುಮಾರು ಏಳು ತಿಂಗಳ ಆ ಮರಿಗೆ ಕಠಿಣವಾದ ರೋಗವು ತಗಲಿದ್ದಿತೆಂದೂ, ಯಾರಾದರೂ ವಾರಗಟ್ಟಲೆ ಉಪಚರಿಸಿದ್ದ ಹೊರತು ಅದು ಅಷ್ಟು ದಿನ ಬದುಕುತ್ತಿರಲಿಲ್ಲವೆಂದೂ ತಿಳಿಸಿದ್ದಾರೆ. ಬೇಟೆಗೂ ಕಾವಲಿಗೂ ಬಾರದ ರೋಗಿಯಾದ ಮರಿಯನ್ನು ಅವರು ಸಲಹಿದುದು ಲಾಭಕ್ಕಾಗಿ ಅಲ್ಲವೆಂಬುದು ಸ್ಪಷ್ಟ.

ಅಷ್ಟು ದೂರ ಹೋಗುವುದೇಕೆ? ನಮ್ಮ ಕನ್ನಡ ನಾಡಿನಲ್ಲಿಯೇ ಇದಕ್ಕೆ ಕಲ್ಲಿನ ಸಾಕ್ಷಿಯುಂಟು. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತ ಶಾಸನವು ಈಗ ಬೆಂಗಳೂರಿನ ಸರಕಾರೀ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಕಾಲದ ಈ ಶಾಸನವು ಶಕವರ್ಷ 872ರದು, ಅಂದರೆ ಕ್ರಿ.ಶ. 949-50ರದು. ಚೋಳರೊಡನೆ ನಡೆದ ತಕ್ಕೋಲದ ಯುದ್ಧದಲ್ಲಿ ಗಂಗರ ಇಮ್ಮಡಿ ಬೂತುಗನ ಸೇವಕನಾದ ಮಣಲೇರನು ಪರಾಕ್ರಮವನ್ನು ತೋರಿಸಿದನು. ಮೆಚ್ಚಿದ ಅರಸನು ಬೇಕಾದುದನ್ನು ಕೇಳೆನ್ನಲು, ಮಣಲೇರನು ಹೊನ್ನನ್ನು ಕೇಳಲಿಲ್ಲ. ಕಾಳಿಯೆಂಬ ನಾಯಿಯನ್ನು ಕೇಳಿ ಪಡೆದನು. ಮುಂದೆ ಆ ಕಾಳಿಯು ದೊಡ್ಡದೊಂದು ಕಾಡುಹಂದಿಯೊಡನೆ ಹೋರಾಡಿತು. ನಾಯಿ, ಹಂದಿ ಎರಡೂ ಸತ್ತವು. ಮಣಲೇರನು ತನ್ನ ನಾಯಿಗಾಗಿ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನೂ ಬಿಟ್ಟುಕೊಟ್ಟನು. ನಾಯಿಯೂ ಹಂದಿಯೂ ಹೋರಾಡುತ್ತಿರುವ ಚಿತ್ರವನ್ನು ಇಂದಿಗೂ ಆ ಕಲ್ಲಿನ ಮೇಲೆ ಕಾಣಬಹುದು. ಕಲ್ಲಿಗೆ ಪೂಜೆ ಸಲ್ಲಿಸುವುದು ನಮ್ಮ ಮತದ ಪದ್ಧತಿಯಲ್ಲ. ಆದರೂ ಆ ಕಲ್ಲನ್ನು ನಿಲ್ಲಿಸಿದ ಕೃತಜ್ಞತೆಯು ಯಾವ ಮತದವರಿಗೂ ಅರ್ಥವಾಗತಕ್ಕದ್ದೇ. ರಣರಂಗದಲ್ಲಿ ಹಿಂಜರಿಯದ ವೀರನಿಗೆ ನಾಯಿಗಾಗಿ ಶೋಕಿಸುವುದು ನಾಚಿಕೆಯೆನಿಸದಿದ್ದ ಮೇಲೆ ಹದಿಮೂರು ವರ್ಷದ ಬಾಲಿಕೆಗೆ ಏಕೆ ನಾಚಿಕೆ?

ನಮ್ಮ ನೆರೆಯ ತೀರ್ಥಹಳ್ಳಿಯ ಸೀಮೆಯನ್ನು ಚಿತ್ರಿಸಿದ ಕುವೆಂಪುರವರೂ 1967ರಲ್ಲಿ ಪ್ರಕಟವಾದ ತಮ್ಮ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯನಿಗೆ ಮನುಷ್ಯರಿಗೆ ಸಮನಾದ ಸ್ಥಾನವನ್ನು ಕೊಟ್ಟಿರುವರು. ಲೂಕನ ಸುವಾರ್ತೆಯಲ್ಲಿ ಕರ್ತನು ಹೇಳಿದ ಸಾಮ್ಯವನ್ನೂ ನೆನೆಯಿರಿ: ಐಶ್ವರ್ಯವಂತನ ಬಾಗಿಲಲ್ಲಿ ಬಿದ್ದಿದ್ದ ಲಾಜರನ ಬಳಿಗೆ ಬಂದವುಗಳು ನಾಯಿಗಳೇ.

ಈ ಮಮತೆಗೆ ದೇಹಧರ್ಮದಲ್ಲಿಯೂ ಆಧಾರವುಂಟು. ನಾಯಿಯೂ ಅದರ ಒಡೆಯನೂ ಪರಸ್ಪರ ಕಣ್ಣಿಟ್ಟು ನೋಡುವಾಗ ಇಬ್ಬರ ದೇಹದಲ್ಲಿಯೂ ಆಕ್ಸಿಟೋಸಿನ್ ಎಂಬ ರಸವು ಹೆಚ್ಚುವುದೆಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ತಾಯಿಯನ್ನೂ ಶಿಶುವನ್ನೂ ಬಂಧಿಸುವ ರಸವೂ ಇದೇ. ಇದರ ಜತೆಗೆ ನಿತ್ಯದ ಅಭ್ಯಾಸಗಳು ಸೇರುತ್ತವೆ. ಅನ್ನ ಮಿಕ್ಕಾಗ ಕೈಯು ತಾನಾಗಿ ಹಿತ್ತಲ ಬಾಗಿಲಿನ ಕಡೆಗೆ ಹೋಗುವುದು. ದಣಪೆಯ ಸಪ್ಪಳವಾದೊಡನೆ ಕಿವಿಯು ಬೊಗಳುವಿಕೆಯನ್ನು ನಿರೀಕ್ಷಿಸುವುದು. ಅಗಲಿಕೆಯ ನೋವು ಇಂತಹ ನೂರು ಸಣ್ಣ ಸಂದರ್ಭಗಳಲ್ಲಿ ಮರಳಿ ಮರಳಿ ತಲೆದೋರುವುದರಿಂದ ಅದು ಒಂದು ದಿನದಲ್ಲಿ ತೀರುವಂಥದಲ್ಲ.

ಹಾಗಾದರೆ ಹಿರಿಯರು ಮಾಡಬೇಕಾದುದೇನು? ಮೊದಲನೆಯದಾಗಿ ಸತ್ಯವನ್ನು ಹೇಳಬೇಕು. ತೋಟದ ಮನೆಯೊಂದರ ಬಾಲಿಕೆಯ ಸಂಗತಿಯನ್ನು ಇಲ್ಲಿ ತಿಳಿಸುತ್ತೇನೆ. ಅವಳ ನಾಯಿಯನ್ನು ರಾತ್ರಿ ಚಿರತೆಯು ಹಿಡಿದೊಯ್ದಿತ್ತು. ಮಗಳು ನೊಂದುಕೊಂಡಾಳೆಂದು ಮನೆಯವರು, ಅದನ್ನು ನೆಂಟರ ಮನೆಗೆ ಕಳುಹಿಸಿದ್ದೇವೆಂದರು. ರಜದಲ್ಲಿ ಅವಳು ಆ ನೆಂಟರ ಮನೆಗೆ ಹೋಗಿ ಹುಡುಕಿದಳು. ಮರಳಿ ಶಾಲೆಗೆ ಬಂದವಳು ನನ್ನನ್ನು ಕೇಳಿದುದು ನಾಯಿಯ ವಿಷಯವನ್ನಲ್ಲ. “ಅಕ್ಕೋರೇ, ಅಜ್ಜಿಗೆ ಹುಷಾರಿಲ್ಲ, ಆಸ್ಪತ್ರೆಯಲ್ಲಿ ಇದ್ದಾರೆ ಅಂತ ಅಪ್ಪ ಕಾಗದ ಬರೆದಿದಾರೆ. ಅದಾದರೂ ನಿಜವಾ?” ಎಂದಳು. ಪ್ರೀತಿಯಿಂದಲೇ ಹೇಳಿದ ಒಂದು ಸುಳ್ಳು ಮಗುವಿನ ನಂಬಿಕೆಯ ಬುಡವನ್ನೇ ಅಲುಗಿಸಿತ್ತು. ನಾಯಿ ಸತ್ತಿತೆಂದು ಮೃದುವಾಗಿ, ಆದರೆ ನೇರವಾಗಿ ಹೇಳಿ, ಮಗುವಿನ ಪಕ್ಕದಲ್ಲಿ ಕುಳಿತಿರುವುದೇ ಮೇಲು.

ಎರಡನೆಯದಾಗಿ ಸತ್ತ ನಾಯಿಯನ್ನು ಗೌರವದಿಂದ ಮಣ್ಣುಮಾಡಬೇಕು. ಬಾವಿಗೂ ಹಳ್ಳಕ್ಕೂ ದೂರವಾದ ಜಾಗದಲ್ಲಿ, ಮಳೆಗೆ ಮಣ್ಣು ಕೊಚ್ಚಿಹೋಗದಂತೆ ಆಳವಾಗಿ ಹೂಳಬೇಕು. ಮಕ್ಕಳು ಒಂದು ಹೂವನ್ನು ಇಡಬಯಸಿದರೆ ತಡೆಯಬಾರದು. ಆದರೆ ನಾಯಿಗೆ ಹುಚ್ಚು ಹಿಡಿದಿದ್ದಿತೆಂಬ ಅನುಮಾನವಿದ್ದಲ್ಲಿ ಯಾರೂ ಬರಿಗೈಯಿಂದ ಮುಟ್ಟಕೂಡದು. ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು. ಅಂತಹ ನಾಯಿಯು ಕಚ್ಚಿದ್ದರೆ ಅಥವಾ ಗಾಯವನ್ನು ನೆಕ್ಕಿದ್ದರೆ ಆ ಸ್ಥಳವನ್ನು ಸಾಬೂನು ಹಚ್ಚಿ, ಸುರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದನ್ನು ಹಾಕಿಸಿಕೊಳ್ಳಬೇಕು. ರೋಗದ ಲಕ್ಷಣಗಳು ತೋರಿದ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು.

ಇನ್ನು ಹೊಸ ಮರಿಯ ವಿಷಯ. ಇದಕ್ಕೆ ಇಷ್ಟು ದಿನವೆಂಬ ನಿಯಮವಿಲ್ಲ. ಅಗಲಿದ ನಾಯಿಯ ಹೆಸರನ್ನು ಮನೆಯವರು ಅಳುವಿಲ್ಲದೆ, ಕೆಲವೊಮ್ಮೆ ನಗುತ್ತಲೂ, ಎತ್ತುವಂತಾದರೆ ಮನಸ್ಸು ಸಿದ್ಧವಾಯಿತೆಂದು ತಿಳಿಯಬಹುದು. ನಾಯಿಯು ಪಾರ್ವೋ ಎಂಬ ರಕ್ತಭೇದಿಯ ರೋಗದಿಂದ ಸತ್ತಿದ್ದರೆ ಮಾತ್ರ ಆತುರವು ಅಪಾಯಕರ. 1978ರ ಸುಮಾರಿಗೆ ಲೋಕದಲ್ಲೆಲ್ಲ ಹರಡಿದ ಆ ರೋಗದ ವಿಷಾಣುವು ಅಂಗಳದ ಮಣ್ಣಿನಲ್ಲಿ ಹಲವು ತಿಂಗಳು ಉಳಿಯಬಲ್ಲದು. ಲಸಿಕೆ ಪೂರ್ತಿಯಾಗದ ಮರಿಯನ್ನು ಅಲ್ಲಿಗೆ ತರುವುದೆಂದರೆ ಮಗುವಿಗೆ ಎರಡನೆಯ ಶೋಕವನ್ನು ತಂದುಕೊಟ್ಟಂತೆ.

ಮರಿಯನ್ನು ಎಂಟು ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬಾರದು. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಲಸಿಕೆಯನ್ನು ಮೊದಲುಮಾಡಿ, ಮೂರು ನಾಲ್ಕು ವಾರಗಳಿಗೊಮ್ಮೆ ಹದಿನಾರು ವಾರದವರೆಗೆ ಮುಂದುವರಿಸಬೇಕು. ಹುಚ್ಚಿನ ಲಸಿಕೆಯನ್ನು ಮೂರು ತಿಂಗಳಿಗೆ ಹಾಕಿಸಿ, ಬಳಿಕ ವೈದ್ಯರು ಹೇಳಿದಂತೆ ತಪ್ಪದೆ ಮರಳಿ ಹಾಕಿಸಬೇಕು. ಕಾಡಂಚಿನಲ್ಲಿ ಅಲೆದು ಬರುವ ನಾಯಿಯ ಮೈಯಲ್ಲಿ ಉಣುಗುಗಳಿವೆಯೇ ಎಂದು ನೋಡುತ್ತಿರಬೇಕು. 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗಿನಿಂದಲೇ ಮನುಷ್ಯರಿಗೆ ತಗಲುವುದೆಂಬುದನ್ನು ಮಲೆನಾಡಿನವರು ಮರೆಯತಕ್ಕದ್ದಲ್ಲ.

ಮರಿಯನ್ನು ಆರಿಸುವಾಗಿನ ಒಂದು ಅನ್ಯಾಯವನ್ನು ಬಾಲಿಕೆಯರ ಶಾಲೆಯವಳಾದ ನಾನು ಹೇಳದೆ ಬಿಡಲಾರೆ. ಸೂಲಿನಲ್ಲಿ ಗಂಡುಮರಿಗಳನ್ನು ಜನರು ಕೇಳಿ ಒಯ್ಯುವರು. ಹೆಣ್ಣುಮರಿಗಳನ್ನು ಗೋಣಿಯಲ್ಲಿ ತುಂಬಿ ಸಂತೆಯ ಬಳಿಯೋ ರಸ್ತೆಯ ತಿರುವಿನಲ್ಲಿಯೋ ಬಿಟ್ಟುಬರುವರು. ಮರಿ ಹಾಕುವುದೆಂಬ ಭಯವೇ ಇದಕ್ಕೆ ಕಾರಣ. ಆ ಭಯಕ್ಕೆ ಪಶುವೈದ್ಯರಲ್ಲಿ ಸಂತಾನಹರಣದ ಶಸ್ತ್ರಚಿಕಿತ್ಸೆಯುಂಟು. ಕಾವಲಿನಲ್ಲಿಯಾಗಲಿ ವಿಶ್ವಾಸದಲ್ಲಿಯಾಗಲಿ ಹೆಣ್ಣುನಾಯಿಯು ಗಂಡಿಗಿಂತ ಕಡಮೆಯಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಾದರೂ ಹೆಣ್ಣುಮರಿಗೆ ಸ್ಥಳ ದೊರೆಯಲೆಂದು ಆಶಿಸುತ್ತೇನೆ.

ಕಡೆಯದಾಗಿ ಹೆಸರಿನ ಮಾತು. ಸತ್ತ ನಾಯಿಯ ಹೆಸರನ್ನೇ ಹೊಸ ಮರಿಗೆ ಇಡುವ ವಾಡಿಕೆಯು ಕೆಲವು ಮನೆಗಳಲ್ಲುಂಟು. ಅದು ಹಳೆಯದಕ್ಕೂ ಹೊಸದಕ್ಕೂ ನ್ಯಾಯವಲ್ಲ. ಹೇಬೆಲನನ್ನು ಕಳೆದುಕೊಂಡ ಹವ್ವಳು ತರುವಾಯ ಹುಟ್ಟಿದ ಮಗನನ್ನು ಹೇಬೆಲನೆಂದು ಕರೆಯಲಿಲ್ಲ. ಸೇತನೆಂಬ ಬೇರೆ ಹೆಸರನ್ನಿಟ್ಟಳು. ಹೊಸ ಮರಿಯು ಹಳೆಯ ನಾಯಿಯಂತೆ ಕರೆದೊಡನೆ ಬಾರದಿರಬಹುದು, ಚಪ್ಪಲಿ ಕಚ್ಚಬಹುದು, ಮಂಗವನ್ನು ಕಂಡು ಹೆದರಬಹುದು. “ಅದು ಹೀಗಿರಲಿಲ್ಲ” ಎಂದು ಹೋಲಿಸಿ ಹೊಡೆಯುವುದಾದರೆ ಮರಿಯನ್ನು ತರದಿರುವುದೇ ಒಳ್ಳೆಯದು. ಮನೆಯಲ್ಲಿ ಇನ್ನೊಂದು ಮುದಿ ನಾಯಿಯಿದ್ದರೆ ಅದೂ ತನ್ನ ಜತೆಗಾರನನ್ನು ಹುಡುಕುತ್ತಿರುವುದು. ಹೊಸ ಮರಿಯನ್ನು ಬಯಲಿನಲ್ಲಿ ಅದಕ್ಕೆ ಪರಿಚಯಮಾಡಿಸಿ, ಅನ್ನದ ಬಟ್ಟಲುಗಳನ್ನು ಬೇರೆ ಬೇರೆ ಇಟ್ಟರೆ ಕಲಹವು ಕಡಮೆಯಾಗುವುದು.

ತಾಯಿತಂದೆಗಳ ಎರಡು ಪ್ರಶ್ನೆಗಳಿಗೆ ಉತ್ತರವು ಇಷ್ಟೇ: ಅಳುವುದು ತರವೇ; ಮರಿಯನ್ನು ತರುವುದೂ ತರವೇ. ಆದರೆ ಅಳುವನ್ನು ಮುಚ್ಚುವುದಕ್ಕಾಗಿ ಮರಿಯನ್ನು ತರಬಾರದು. ಸಲಹುವ ಕೈಗಳು ಸಿದ್ಧವಾಗಿರುವುದರಿಂದಲೂ ಸಲಹಲ್ಪಡಬೇಕಾದ ಜೀವವೊಂದು ಎಲ್ಲಿಯೋ ಕಾದಿರುವುದರಿಂದಲೂ ತರಬೇಕು. ಹಳೆಯ ನಾಯಿಯು ಮಗಳಿಗೆ ಪ್ರೀತಿಸುವುದನ್ನು ಕಲಿಸಿ ಹೋಯಿತು. ಆ ವಿದ್ಯೆಯನ್ನು ಅವಳು ಉಪಯೋಗಿಸಲಿ.