ಕಡಲರಾಜನಿಗೆ ಬೆಲೆ ಕಟ್ಟಿದ ಮಕ್ಕಳು

"ಮದುವೆ ಕಾಗದ ಬಿಸಾಡ್ಬೇಡಿ ಉಸ್ತಾದ್, ನಮಗೆ ಕೊಡಿ."

ಕರ್ಕಿಯಲ್ಲಿ ಬೆಳಗ್ಗಿನ ಮದ್ರಸ ಬಿಟ್ಟ ಮೇಲೆ ಮಕ್ಕಳು ಹೀಗೆ ಕೇಳಿದಾಗ ಶಾಲೆಯ ಪ್ರಾಜೆಕ್ಟ್ ಇರಬೇಕು ಅಂದುಕೊಂಡೆ. ಕಪಾಟಿನಲ್ಲಿದ್ದ ಹಳೆಯ ಆಮಂತ್ರಣಗಳ ಒಂದು ಕಟ್ಟು ಕೊಟ್ಟುಬಿಟ್ಟೆ. ಒಂದು ವಾರ ಕಳೆದು ನೋಡಿದರೆ ಜಗಲಿಯಲ್ಲಿ ಎಂಟು ಹತ್ತು ಹುಡುಗರು ಎದುರು ಬದುರು ಕೂತಿದ್ದಾರೆ. ಎಲ್ಲರ ಕೈಯಲ್ಲೂ ಆ ಕಾಗದ ಕತ್ತರಿಸಿ ಮಾಡಿದ ಚೀಟಿಗಳು. ಒಂದೊಂದರ ಮೇಲೂ ಒಂದು ಹೆಸರು, ಮೂರು ಅಂಕೆ. ಗಾಳಿದೋಣಿ, ಬಂಡೆ ಏಡಿ, ಮಿಂಚು ಹದ್ದು, ಕಡಲರಾಜ.

ಇಸ್ಪೀಟು ಅಂತ ಗದರಿಸ್ಲಿಕ್ಕೆ ಹೊರಟವನು ನಾನು. ನೋಡಿದರೆ ಇಸ್ಪೀಟಲ್ಲ. ಅಂಗಡಿಯಲ್ಲಿ ಪ್ಯಾಕೆಟ್ ಲೆಕ್ಕದಲ್ಲಿ ಸಿಗುವ ಪೋಕೆಮಾನ್ ಕಾರ್ಡ್ ನೋಡಿ, ಅದೇ ತರದ್ದನ್ನು ಸ್ವಂತ ಮಾಡಿಕೊಂಡಿದ್ದಾರೆ. ದುಡ್ಡಿದ್ದವನಿಗೆ ಹೆಚ್ಚು ಪ್ಯಾಕೆಟ್, ಹೆಚ್ಚು ಪ್ಯಾಕೆಟ್ ಇದ್ದವನಿಗೆ ಗಟ್ಟಿ ಕಾರ್ಡ್, ಉಳಿದವರು ನೋಡುವವರು. ಅದಕ್ಕೇ ಈ ಉಪಾಯ. ಕಾಗದಕ್ಕೆ ದುಡ್ಡಿಲ್ಲ, ಎಲ್ಲರೂ ಸಮಾನ.

ಆದರೆ ಸಮಾನ ಆಗಲಿಲ್ಲ. ಹದಿನೈದು ದಿನದೊಳಗೆ ಒಬ್ಬ ತಾಯಿ ಬಂದು ನಿಂತರು. ಅವರ ಸಣ್ಣ ಮಗ ಮದ್ರಸಕ್ಕೆ ಬರುವುದಿಲ್ಲ ಅಂತ ಅಳುತ್ತಿದ್ದಾನೆ. ಎಂಟನೇ ಕ್ಲಾಸಿನ ಹುಡುಗನೊಬ್ಬ ಅವನ ಹನ್ನೊಂದು ಕಾರ್ಡ್ ಗೆದ್ದುಕೊಂಡಿದ್ದಾನಂತೆ. ರಾತ್ರಿ ಕೂತು ಬಣ್ಣ ಹಚ್ಚಿದ ಕಾರ್ಡುಗಳು. "ಕಾಗದದ ಚೂರಿಗೆ ಇಷ್ಟು ಅಳುವುದುಂಟಾ ಉಸ್ತಾದರೇ?" ಅಂತ ಆ ತಾಯಿ ಕೇಳಿದರು. ಅಳು ಕಾಗದಕ್ಕಲ್ಲ, ಅನ್ಯಾಯಕ್ಕೆ ಅಂತ ನನಗೆ ಕಂಡಿತು. ಆಟ ನಿಲ್ಲಿಸುವ ಮೊದಲು ಅದನ್ನು ತಿಳಿದುಕೊಳ್ಳುವ ಅಂತ, ಮರುದಿನ ನಾನೂ ಚಾಪೆಯಲ್ಲಿ ಕೂತೆ.

ಎರಡು ಲೀಟರಿಗೆ ತಿಮಿಂಗಿಲ

ಆಟ ಸರಳ. ಪ್ರತಿಯೊಬ್ಬನಿಗೂ 20 ಜೀವ, 30 ಕಾರ್ಡಿನ ಕಟ್ಟು, ಕೈಯಲ್ಲಿ ಐದು ಕಾರ್ಡ್. ಮೊದಲ ಸರದಿಗೆ ಒಂದು ಲೀಟರ್ 'ಡೀಸೆಲ್', ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ದೋಣಿ ನೋಡಿ ಬೆಳೆದ ಮಕ್ಕಳಲ್ವಾ! ಡೀಸೆಲ್ ಖರ್ಚು ಮಾಡಿಯೇ ಕಾರ್ಡ್ ಇಳಿಸಬೇಕು. ಮೇಲಿನ ಅಂಕೆ ಡೀಸೆಲ್, ಕೆಳಗಿನ ಎರಡು ಅಂಕೆ ಪೆಟ್ಟು ಮತ್ತು ತ್ರಾಣ.

ಜಗಳದ ಮೂಲ ಕಡಲರಾಜ. ದೊಡ್ಡ ಹುಡುಗ ಬರೆದ ಕಾರ್ಡ್. ಡೀಸೆಲ್ 2, ಪೆಟ್ಟು 6, ತ್ರಾಣ 6. ಅಂದರೆ ಎರಡನೇ ಸರದಿಯಲ್ಲೇ ತಿಮಿಂಗಿಲ ಇಳಿಯುತ್ತದೆ. ಎದುರಿನವನ ಕೈಯಲ್ಲಿ ಆಗ ಇರುವುದು ಏಡಿ ಮಾತ್ರ. ನಾಲ್ಕು ಪೆಟ್ಟಿಗೆ 20 ಜೀವ ಮುಗಿಯಿತು.

ಉಳಿದ ಮಕ್ಕಳು ಮೊದಲು ಮಾಡಿದ್ದು ಎಂತ ಗೊತ್ತುಂಟಾ? ಅವನು 6 ಬರೆದರೆ ಇವನು 10, ಮತ್ತೊಬ್ಬ 50. ಮೂರನೇ ದಿನ ಸಾವಿರದ ಕಾರ್ಡ್ ಬಂತು. ಅಲ್ಲಿಗೆ ಹಳೆಯ ಕಾರ್ಡೆಲ್ಲ ಕಸ, ಆಟವೂ ಕಸ. ಅಂಗಡಿಯ ಆಟದಲ್ಲಿ ಪರ್ಸು ಗೆಲ್ಲುತ್ತಿತ್ತು, ಇಲ್ಲಿ ಪೆನ್ನು ಗೆಲ್ಲಲಿಕ್ಕೆ ಶುರುವಾಯಿತು. ಬೇರೆ ವ್ಯತ್ಯಾಸ ಇಲ್ಲ.

ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದೆವು. ಡೀಸೆಲನ್ನು ಇಮ್ಮಡಿ ಮಾಡಿ ಒಂದು ಕೂಡಿಸು. ಪೆಟ್ಟು, ತ್ರಾಣ ಎರಡೂ ಸೇರಿ ಅದನ್ನು ಮೀರಬಾರದು. ಒಂದು ಲೀಟರಿಗೆ 3, ಎರಡಕ್ಕೆ 5, ಮೂರಕ್ಕೆ 7. ಹಾರುವ ಶಕ್ತಿ, ಬಂದ ಸರದಿಯಲ್ಲೇ ಹೊಡೆಯುವ ಶಕ್ತಿ ಬೇಕಾದರೆ ಆ ಮೊತ್ತದಲ್ಲೇ ಒಂದೊಂದು ಕಳೆಯಬೇಕು. ಈ ಲೆಕ್ಕದಲ್ಲಿ ಕಡಲರಾಜನ ಮೊತ್ತ 12. ಐದು ಲೀಟರಿಗೆ ಸಿಗುವುದು 11. ಹಾಗಾಗಿ ಅವನ ಬೆಲೆ ಆರು ಲೀಟರ್. ಕಾರ್ಡನ್ನು ಹರಿಯಲಿಲ್ಲ, ಅಂಕೆ ಇಳಿಸಲಿಲ್ಲ, ಬೆಲೆ ಮಾತ್ರ ಸರಿ ಮಾಡಿದೆವು.

ಒಂದೇ ಬೆಲೆ, ಒಂದೇ ಅಂಕೆ, ಆದರೂ ಸಮ ಅಲ್ಲ

ಇಂಥ ಆಟಗಳಿಗೆಲ್ಲ ದಾರಿ ಮಾಡಿಕೊಟ್ಟದ್ದು 1993ರಲ್ಲಿ ಅಮೆರಿಕದಲ್ಲಿ ಬಂದ 'ಮ್ಯಾಜಿಕ್: ದ ಗ್ಯಾದರಿಂಗ್'. ಕಟ್ಟಿದವರು ರಿಚರ್ಡ್ ಗಾರ್ಫೀಲ್ಡ್, ಗಣಿತ ಕಲಿತವರು. ಅಂಥವರೂ ಎಡವಿದ್ದಾರೆ. ಮೊದಲ ಕಂತಿನಲ್ಲಿ ಒಂದೇ ಬೆಲೆಯ ಐದು ಕಾರ್ಡುಗಳಿದ್ದವು, ಎಲ್ಲದರಲ್ಲೂ ಮೂರರ ಲೆಕ್ಕ. ಒಂದು ಎದುರಾಳಿಗೆ ಮೂರು ಪೆಟ್ಟು ಕೊಡುತ್ತದೆ, ಒಂದು ಮೂರು ಜೀವ ಉಳಿಸುತ್ತದೆ, ಒಂದು ಕಟ್ಟಿನಿಂದ ಮೂರು ಕಾರ್ಡ್ ಎತ್ತಲು ಬಿಡುತ್ತದೆ. ಕಾಗದದ ಮೇಲೆ ತಕ್ಕಡಿ ನೆಟ್ಟಗಿದೆ. ಆಡಲಿಕ್ಕೆ ಕೂತಾಗ ಮೂರು ಕಾರ್ಡ್ ಎತ್ತುವುದು ಆ ಆಟದಲ್ಲೇ ಅತ್ಯಂತ ಬಲಶಾಲಿ ಕಾರ್ಡುಗಳ ಸಾಲಿಗೆ ಸೇರಿತು. ಜೀವ ಉಳಿಸುವುದನ್ನು ಕೇಳುವವರಿಲ್ಲ. ಯಾಕೆಂದರೆ ಕೈಗೆ ಬಂದ ಮೂರು ಕಾರ್ಡಿನಿಂದ ಪೆಟ್ಟೂ ಕೊಡಬಹುದು, ಜೀವವನ್ನೂ ಉಳಿಸಬಹುದು.

ನಮ್ಮ ಮಕ್ಕಳಿಗೂ ಅದೇ ಆಯಿತು. ಒಂದು ಲೀಟರಿನ 'ಬಾಂಗುಡೆ ಬುಟ್ಟಿ' ಎರಡು ಕಾರ್ಡ್ ಎತ್ತಲು ಬಿಡುತ್ತಿತ್ತು. ಪೆಟ್ಟೂ ಇಲ್ಲ, ತ್ರಾಣವೂ ಇಲ್ಲ, ಪಾಪದ ಕಾರ್ಡ್ ಅಂತ ಎಲ್ಲರ ಲೆಕ್ಕ. ಎರಡು ದಿನ ಆಡಿದ ಮೇಲೆ ಕಡಲರಾಜನಿಗಿಂತ ಅದೇ ಹೆಚ್ಚು ಆಟ ಗೆದ್ದಿತ್ತು! ಈಗ ಅದರ ಬೆಲೆ ಮೂರು ಲೀಟರ್.

ಸಣ್ಣವನ ಬಲೆ

ಬೆಲೆ ಹೆಚ್ಚಿಸಿದರೂ ಒಂದು ತೊಂದರೆ ಉಳಿಯಿತು. ಕಡಲರಾಜ ಒಮ್ಮೆ ಇಳಿದ ಮೇಲೆ ಉತ್ತರವೇ ಇಲ್ಲ. ಆಗ ಮಾತಾಡಿದವನು ಹನ್ನೊಂದು ಕಾರ್ಡ್ ಕಳೆದುಕೊಂಡಿದ್ದ ಸಣ್ಣವ. ಅವನ ಬಾಪ ದೋಣಿಗೆ ಹೋಗುವವರು. "ಬಲೆ ಮಾಡುವ ಉಸ್ತಾದ್. ದೊಡ್ಡದು ಸಿಕ್ಕಿ ಬೀಳ್ತದೆ, ಸಣ್ಣದು ಕಣ್ಣಿನಲ್ಲಿ ಜಾರಿ ಹೋಗ್ತದೆ." ಎರಡು ಲೀಟರಿನ ಕಾರ್ಡ್. ತ್ರಾಣ ಐದಕ್ಕಿಂತ ಕಡಿಮೆ ಇಲ್ಲದ ಕಾರ್ಡನ್ನು ಎದುರಾಳಿಯ ಕೈಗೆ ವಾಪಸ್ ಕಳಿಸುತ್ತದೆ. ಏಡಿಗೆ ಅದು ತಾಗುವುದಿಲ್ಲ. ಈಗ ಆರು ಲೀಟರ್ ಸುರಿದು ರಾಜನನ್ನು ಇಳಿಸುವವನು ಯೋಚಿಸಲೇಬೇಕು. ಬಲೆಯನ್ನೇ ತುಂಬಿಕೊಂಡವನು ಏಡಿಗಳ ಎದುರು ಸೋಲುತ್ತಾನೆ.

ಕರ್ಕಿ ಹಾಸ್ಯಗಾರ ಮೇಳದ ಊರು. ಇಲ್ಲಿ ಯಕ್ಷಗಾನವನ್ನು ಆಟ ಅಂತಲೇ ಕರೆಯುವುದು. ಕಿರೀಟದ ವೇಷ ಒಂದೇ ಇದ್ದರೆ ಬೆಳಗಿನವರೆಗೆ ಆಟ ನಡೆಯುವುದಿಲ್ಲ, ಹಾಸ್ಯದವನೂ ಬೇಕು, ಸ್ತ್ರೀವೇಷವೂ ಬೇಕು. ಕಾರ್ಡಿನ ಕಟ್ಟಿಗೂ ಅದೇ ಮಾತು.

ಅರಮನೆಯಲ್ಲೂ ನಡೆದ ಕೆಲಸ

ಕಾರ್ಡ್ ಸ್ವಂತ ಮಾಡಿ ನಿಯಮ ಕಟ್ಟುವುದು ಈ ನಾಡಿಗೆ ಹೊಸತಲ್ಲ. ಪರ್ಷಿಯಾದ ಕಡೆಯಿಂದ ಬಂದ ಗಂಜೀಫಾ ಆಟವನ್ನು ಮೊಗಲರು ಆಡುತ್ತಿದ್ದರು. 1527ರಲ್ಲಿ ಸಿಂಧ್‌ನ ಶಾ ಹುಸೇನನಿಗೆ ಗಂಜೀಫಾ ಎಲೆಗಳನ್ನು ಕಳಿಸಿದ್ದಾಗಿ ಬಾಬರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೊಗಲ್ ಗಂಜೀಫಾದಲ್ಲಿ ಎಂಟು ಪಂಗಡ, 96 ಎಲೆ. ಪ್ರತಿ ಪಂಗಡಕ್ಕೂ ಒಬ್ಬ ಮೀರ್, ಒಬ್ಬ ವಝೀರ್, ಮತ್ತೆ ಒಂದರಿಂದ ಹತ್ತರವರೆಗೆ ಅಂಕೆ. ಇದರಲ್ಲೊಂದು ಚಂದದ ಉಪಾಯ ಉಂಟು. ನಾಲ್ಕು ಪಂಗಡಗಳಲ್ಲಿ ಹತ್ತು ದೊಡ್ಡದು, ಒಂದು ಸಣ್ಣದು. ಉಳಿದ ನಾಲ್ಕರಲ್ಲಿ ಉಲ್ಟಾ, ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಸಣ್ಣದು. ಬರೀ ಸಣ್ಣ ಅಂಕೆ ಬಂತು ಅಂತ ಯಾರೂ ಹಣೆ ಚಚ್ಚಿಕೊಳ್ಳಬೇಕಾಗಿಲ್ಲ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇನ್ನೂ ಮುಂದೆ ಹೋದರು. ಚದ್ ಎಂಬ ಹೆಸರಿನಲ್ಲಿ ತಾವೇ ಹಲವು ಗಂಜೀಫಾ ಆಟಗಳನ್ನು ಕಟ್ಟಿದರು. ಕೆಲವದರಲ್ಲಿ 18 ಪಂಗಡ, 360 ಎಲೆಗಳವರೆಗೂ ಇದ್ದವು. ಮೈಸೂರು ಗಂಜೀಫಾದ ಚಿತ್ರಕಲೆಗೆ ಇವತ್ತು ಜಿಐ ಮಾನ್ಯತೆಯೂ ಉಂಟು. ಆದರೆ ಆ ಚದ್ ಆಟಗಳು ಜನರ ನಡುವೆ ಹರಡಲಿಲ್ಲ. ಅಷ್ಟು ಎಲೆ ಹಿಡಿಯುವ ಕೈ, ಅಷ್ಟು ನಿಯಮ ನೆನಪಿಡುವ ತಲೆ ಎಷ್ಟು ಜನರಿಗಿರುತ್ತದೆ? ಇದನ್ನು ಹೇಳಿದ ಮೇಲೆ ನಮ್ಮ ಹುಡುಗರು ಒಂದು ತೀರ್ಮಾನ ಮಾಡಿದರು. ಕಾರ್ಡಿನ ಶಕ್ತಿ ಎರಡು ಸಾಲಿನಲ್ಲಿ ಬರೆದು ಮುಗಿಯದಿದ್ದರೆ ಆ ಕಾರ್ಡ್ ಬೇಡ.

ಪಣದ ಮಾತು

ಇನ್ನು ಆ ಹನ್ನೊಂದು ಕಾರ್ಡಿನ ವಿಷಯ. 1993ರ ಆ ಅಮೆರಿಕದ ಆಟದಲ್ಲೂ ಮೊದಲು ಇಂಥದ್ದೇ ನಿಯಮ ಇತ್ತು. ಆಟ ಶುರುವಾಗುವ ಮುಂಚೆ ಇಬ್ಬರೂ ಒಂದೊಂದು ಕಾರ್ಡ್ ಪಣಕ್ಕೆ ಇಡಬೇಕು, ಎರಡೂ ಗೆದ್ದವನಿಗೆ. ಅದು ಬಾಳಲಿಲ್ಲ. ಪಣಕ್ಕೆ ಸಂಬಂಧಿಸಿದ ಕಾರ್ಡುಗಳಿಗೆ ಅವರ ಅಧಿಕೃತ ಪಂದ್ಯಗಳಲ್ಲಿ ಇವತ್ತು ಜಾಗವೇ ಇಲ್ಲ. ನಮಗಂತೂ ಅವರನ್ನು ನೋಡಿ ಕಲಿಯುವ ಅಗತ್ಯ ಇಲ್ಲ. ಸೋತವನ ಸೊತ್ತು ಗೆದ್ದವನಿಗೆ ಹೋಗುವ ಪಣ ಮೈಸಿರ್, ಅದು ಹರಾಂ. ಕಾಗದದ ಚೂರಾದರೂ ಅಷ್ಟೇ. ದೊಡ್ಡ ಹುಡುಗನಿಗೆ ಇದನ್ನು ಎಲ್ಲರೆದುರು ಹೇಳಲಿಲ್ಲ, ಬದಿಗೆ ಕರೆದು ಹೇಳಿದೆ. ಮರುದಿನ ಹನ್ನೊಂದು ಕಾರ್ಡ್ ರಬ್ಬರ್ ಬ್ಯಾಂಡ್ ಹಾಕಿ ತಂದುಕೊಟ್ಟ. ಒಳಗೆ ಯಾವ ಕಾರ್ಡ್ ಉಂಟು ಅಂತ ಗೊತ್ತಿಲ್ಲದೆ ಮಕ್ಕಳು ಒಂದರ ಮೇಲೊಂದು ಪ್ಯಾಕೆಟ್ ಒಡೆಯುವ ಚಟದ ಮೇಲೂ ತಂದೆ ತಾಯಿ ಒಂದು ಕಣ್ಣಿಡುವುದು ಒಳ್ಳೆಯದು.

ಮನೆಯಲ್ಲಿ ಮಾಡುವವರಿಗೆ

ರಜೆಯಲ್ಲಿ ನಿಮ್ಮ ಮಕ್ಕಳೂ ಕೇಳಿದರೆ ಬೇಡ ಅನ್ನಬೇಡಿ. ಮೊಬೈಲಿಗಿಂತ ವಾಸಿ, ಲೆಕ್ಕವೂ ಬರುತ್ತದೆ. 30 ಕಾರ್ಡಿನ ಕಟ್ಟಿನಲ್ಲಿ ಒಂದೇ ಪ್ರತಿ ಇರುವ ಕಾರ್ಡ್ ಮೊದಲ ಐದರೊಳಗೆ ಬರುವುದು ಆರು ಆಟಕ್ಕೆ ಒಮ್ಮೆ. ಹಾಗಾಗಿ ಗಟ್ಟಿ ಕಾರ್ಡಿಗೆ ಒಂದೇ ಪ್ರತಿ, ಸಣ್ಣದಕ್ಕೆ ಮೂರರವರೆಗೆ ಇರಲಿ. ಮೊದಲು ಆಡುವವನಿಗೆ ಹೇಗೂ ಲಾಭ ಇರುವುದರಿಂದ ಎರಡನೆಯವನಿಗೆ ಒಂದು ಕಾರ್ಡ್ ಹೆಚ್ಚು ಕೊಡಿ. ಹೊಸ ಕಾರ್ಡ್ ಬಂದರೆ ಹತ್ತು ಆಟ ಆಡಿಸಿ, ಐದು ಆದ ಮೇಲೆ ಕಟ್ಟು ಅದಲು ಬದಲು ಮಾಡಿಸಿ, ಗೆದ್ದವರನ್ನು ಪುಸ್ತಕದಲ್ಲಿ ಬರೆಸಿ. ಯಾರ ಕೈಯಲ್ಲಿದ್ದರೂ ಅದೇ ಕಟ್ಟು ಎಂಟೊಂಬತ್ತು ಸಲ ಗೆದ್ದರೆ ತಪ್ಪು ಕಾರ್ಡಿನದ್ದು. ಒಂದು ಸಲಕ್ಕೆ ಒಂದೇ ಅಂಕೆ ತಿದ್ದಿ. ಎರಡು ತಿದ್ದಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಲೆಕ್ಕಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಮಕ್ಕಳೇ ತಂದ ಒಂದು ನಿಯಮ. ಹೊಸ ಕಾರ್ಡ್ ಮಾಡಿದವನು ಮೊದಲ ಆಟದಲ್ಲಿ ಅದನ್ನು ಎದುರಾಳಿಗೆ ಕೊಡಬೇಕು. ತನ್ನ ಕಾರ್ಡಿನ ಪೆಟ್ಟು ಮೊದಲು ತಾನೇ ತಿನ್ನಬೇಕು.

ಕಳೆದ ವಾರ ಆ ದೊಡ್ಡ ಹುಡುಗ 'ತೂಫಾನ್' ಅಂತ ಒಂದು ಹೊಸ ಕಾರ್ಡ್ ತಂದ. ಎದುರು ಕೂತದ್ದು ಸಣ್ಣವ. ಕಾರ್ಡ್ ಕೊಡ್ಲಿಕ್ಕೆ ಕೈ ಚಾಚಿದವನು ಅರೆಗಳಿಗೆ ತಡೆದು, ಕಿಸೆಯಿಂದ ರಬ್ಬರ್ ತೆಗೆದು, ಮೂಲೆಯಲ್ಲಿದ್ದ 3 ಅಳಿಸಿ 5 ಬರೆದು ಕೊಟ್ಟ. ಯಾರೂ ಹೇಳಿರಲಿಲ್ಲ.