ಕುದುರೆಯೊಡನೆ ಸಂವಾದ

ಬೇಸಿಗೆಯ ರಜೆಯಲ್ಲಿ ಮುಂಬಯಿ, ಪುಣೆಗಳ ನಮ್ಮ ಕುಟುಂಬಗಳು ಮಾಥೇರಾನಿಗೋ ಮಹಾಬಳೇಶ್ವರಕ್ಕೋ ಹೋದಾಗ ಮಕ್ಕಳು ಮೊದಲು ಹಟ ಹಿಡಿಯುವುದು ಕುದುರೆ ಸವಾರಿಗೆ. ಆ ಸವಾರಿಯ ಹೊತ್ತಿನಲ್ಲಿ ಕುದುರೆಯೂ ಏನನ್ನಾದರೂ ಹೇಳುತ್ತಿರಬಹುದೆಂದು ನಾವು ಯೋಚಿಸುವುದು ಅಪರೂಪ. ಅದು ಹೇಳುತ್ತಲೇ ಇರುತ್ತದೆ; ನಾವು ಆಡದ ಮಾತನ್ನೂ ಕೇಳಿಸಿಕೊಳ್ಳುತ್ತಿರುತ್ತದೆ.

ಎಷ್ಟು ಸೂಕ್ಷ್ಮವಾಗಿ ಕೇಳಿಸಿಕೊಳ್ಳುತ್ತದೆ ಎಂಬುದಕ್ಕೆ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆಯೇ ಸಾಕ್ಷಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ಶಿಕ್ಷಕರು ಅದಕ್ಕೆ ಲೆಕ್ಕ ಕಲಿಸಿರುವುದಾಗಿ ಸಾರಿದರು. ಪ್ರಶ್ನೆ ಕೇಳಿದರೆ ಹಾನ್ಸ್ ಗೊರಸಿನಿಂದ ನೆಲ ತಟ್ಟಿ ಸರಿಯುತ್ತರ ಕೊಡುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದರು. ಕೇಳಿದವರಿಗೇ ಉತ್ತರ ತಿಳಿಯದಿದ್ದರೆ, ಅಥವಾ ಅವರು ಕುದುರೆಯ ಕಣ್ಣಿಗೆ ಬೀಳದಿದ್ದರೆ, ಹಾನ್ಸ್ ತಪ್ಪುತ್ತಿತ್ತು. ಸರಿಯಾದ ಸಂಖ್ಯೆ ಬಂದೊಡನೆ ಕೇಳಿದವರ ತಲೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಅದು ಅವರಿಗೇ ಗೊತ್ತಿರಲಿಲ್ಲ. ಕುದುರೆ ಅದನ್ನು ಕಂಡು ನಿಲ್ಲಿಸುತ್ತಿತ್ತು. ಈ ಕಥೆಯನ್ನು ಬಯಲಾದ ಮೋಸವೆಂಬಂತೆ ಹೇಳುವವರುಂಟು. ನಮಗೆ ಹಾಗೆನಿಸುವುದಿಲ್ಲ. ಮನುಷ್ಯನ ದೇಹವನ್ನು ಓದುವುದರಲ್ಲಿ ಕುದುರೆ ಮನುಷ್ಯನನ್ನೇ ಮೀರಿಸಿದ ಪ್ರಸಂಗವಿದು.

ವಿವೇಕದ ತರಬೇತಿ ಈ ಶಕ್ತಿಯನ್ನೇ ಆಧರಿಸುತ್ತದೆ. ಕುದುರೆಯನ್ನು ನಿಲ್ಲಿಸಬೇಕಾದರೆ ಸವಾರ ಲಗಾಮನ್ನು ಮೆಲ್ಲನೆ ಬಿಗಿಯುತ್ತಾನೆ. ಅದು ನಿಂತ ಕ್ಷಣದಲ್ಲೇ ಸಡಿಲಿಸುತ್ತಾನೆ. ಕುದುರೆ ಕಲಿಯುವುದು ಬಿಗಿತದಿಂದಲ್ಲ, ಸಡಿಲದಿಂದ. ಸಡಿಲಿಸುವುದು ತಡವಾದರೆ ಯಾವ ಕೆಲಸಕ್ಕೆ ಬಿಡುಗಡೆ ದೊರೆಯಿತೆಂಬುದು ಅದಕ್ಕೆ ತಿಳಿಯದು. ಸದಾ ಜಗ್ಗುತ್ತಲೇ ಇದ್ದರಂತೂ ಬಾಯಿ ಜಡವಾಗಿ, ಮುಂದೆ ಇನ್ನೂ ಬಲವಾಗಿ ಜಗ್ಗಬೇಕಾಗುತ್ತದೆ. ಅಂಕೆ ಮೀರಿದವನನ್ನು ಲಗಾಮಿಲ್ಲದ ಕುದುರೆ ಎನ್ನುವುದು ನಮ್ಮ ರೂಢಿ. ಲಗಾಮು ಹಿಡಿದ ಕೈಗೂ ಅಂಕೆ ಬೇಕೆಂಬುದನ್ನು ಆ ನುಡಿಗಟ್ಟು ಹೇಳುವುದಿಲ್ಲ. ಕೋಪದಲ್ಲಿ ಕುದುರೆಯ ಬಳಿ ವ್ಯವಹರಿಸಬಾರದೆಂದು ಗ್ರೀಸಿನ ಕ್ಸೆನೊಫನ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಬರೆದಿದ್ದನು.

ಇನ್ನು ಕುದುರೆಯ ಮಾತು. ನಾರ್ವೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ಬಹಳ ಸ್ವಾರಸ್ಯಕರವಾದುದು. ಚಳಿಯ ನಾಡಿನಲ್ಲಿ ಕುದುರೆಗಳಿಗೆ ಕಂಬಳಿ ಹೊದಿಸುವುದುಂಟು. ಹೊದಿಸಿ, ತೆಗೆಯಿರಿ, ಹೀಗೆಯೇ ಇರಲಿ ಎಂಬ ಮೂರು ಅರ್ಥದ ಮೂರು ಫಲಕಗಳನ್ನು ಮೂತಿಯಿಂದ ಮುಟ್ಟಿ ತೋರಿಸುವುದನ್ನು 23 ಕುದುರೆಗಳಿಗೆ ಕಲಿಸಲಾಯಿತು. ದಿನಕ್ಕೆ 10ರಿಂದ 15 ನಿಮಿಷಗಳ ಪಾಠ. 14 ದಿನಗಳೊಳಗೆ ಎಲ್ಲವೂ ಕಲಿತವು. ಮಳೆಗಾಳಿಯ ದಿನ ಕಂಬಳಿ ಬೇಡಿದವು, ಬಿಸಿಲಿನ ದಿನ ಬೇಡವೆಂದವು.

ಫಲಕವಿಲ್ಲದ ಕುದುರೆಗೆ ಮುಖವಿದೆ. ಹಿಂದಕ್ಕೆ ಬಿಗಿದ ಕಿವಿ, ಕಣ್ಣಿನ ಮೇಲ್ಭಾಗದ ಸೆಳೆತ, ಕಚ್ಚಿಹಿಡಿದ ದವಡೆ ಇವು ನೋವಿನ ಗುರುತುಗಳೆಂದು ಪಶುವೈದ್ಯರು ಪಟ್ಟಿಮಾಡಿದ್ದಾರೆ. ಬಡಿತ ತಿಂದು ಸೋತ ಕುದುರೆ ಇದನ್ನೂ ಬಿಟ್ಟು ಕಲ್ಲಿನಂತೆ ನಿಲ್ಲುವುದುಂಟು. ಪ್ರವಾಸಿಗರು ಅದನ್ನೇ ಸಾಧು ಕುದುರೆಯೆಂದು ಮೆಚ್ಚುತ್ತಾರೆ, ಅದರ ಮೇಲೆಯೇ ಮಗುವನ್ನು ಕೂರಿಸುತ್ತಾರೆ. ನಮ್ಮನ್ನು ಕಳವಳಗೊಳಿಸುವುದು ಈ ಮೌನವೇ.

ಸವಾರಿಗೆ ಮುನ್ನ ಹಿರಿಯರು ಮಕ್ಕಳಿಗೆ ಇಷ್ಟು ತೋರಿಸಿಕೊಡಬಹುದು. ಕುದುರೆಯ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಅದಕ್ಕೆ ಸುತ್ತಲೂ ಕಾಣುತ್ತದೆ. ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಮಾತ್ರ ಕಾಣದು. ಆದುದರಿಂದ ಮೆಲುದನಿಯಲ್ಲಿ ಮಾತನಾಡಿಸುತ್ತ ಭುಜದ ಕಡೆಯಿಂದ ಹತ್ತಿರ ಹೋಗಬೇಕು. ಕೈಯನ್ನು ಮೂಸಲು ಬಿಟ್ಟು, ಕತ್ತಿನ ಬುಡವನ್ನು ನೇವರಿಸಬೇಕು. ಜೀನಿನ ಕೆಳಗೆ ಹುಣ್ಣಿದ್ದರೆ, ಕಾಲು ಕುಂಟುತ್ತಿದ್ದರೆ ಆ ಕುದುರೆಯನ್ನು ಹತ್ತದೆ, ಕಾರಣವನ್ನು ಅದರ ಒಡೆಯನಿಗೆ ಸೌಜನ್ಯದಿಂದ ತಿಳಿಸಬೇಕು. ಕಿವಿ ಯಾವ ಕಡೆ ತಿರುಗುವುದೋ ಅದರ ಗಮನ ಬಹುಮಟ್ಟಿಗೆ ಆ ಕಡೆಗೆ. ಮಗು ಮಾತನಾಡಿದಾಗ ಒಂದು ಕಿವಿ ಹಿಂದಕ್ಕೆ ಹೊರಳಿದರೆ, ಕುದುರೆ ಕೇಳಿಸಿಕೊಳ್ಳುತ್ತಿದೆ.